ಕಪಾಟಿನಲ್ಲಿರುವ ಕನ್ನಡ ಪುಸ್ತಕ ಕ್ಯಾಟಲಾಗಿನಲ್ಲೂ ಸಿಗಬೇಕಾದರೆ: ಯಾವ ಹುಡುಕಾಟ ವ್ಯವಸ್ಥೆ ಆರಿಸಬೇಕು?

ಮುಂಬಯಿ ವಿಶ್ವವಿದ್ಯಾಲಯದ ವಿದ್ಯಾನಗರಿ ಕ್ಯಾಂಪಸ್ಸಿನಲ್ಲಿ ಕನ್ನಡ ಎಂ.ಎ. ಓದುವ ವಿದ್ಯಾರ್ಥಿಗಳಿಗೆ ಬೇಂದ್ರೆಯವರ ಪುಸ್ತಕ ಬೇಕು ಅಂದುಕೊಳ್ಳಿ. ಧಾರವಾಡದ ಕಡೆಯಿಂದ ಬಂದವರು ಕನ್ನಡ ಕೀಲಿಮಣೆಯಲ್ಲಿ ‘ಬೇಂದ್ರೆ’ ಎಂದು ಟೈಪ್ ಮಾಡುತ್ತಾರೆ. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಮರಾಠಿ ಕಲಿತವರ ಬೆರಳು ದೇವನಾಗರಿಗೆ ಹೋಗುತ್ತದೆ. ಉಳಿದವರು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ. ಮೂವರಿಗೂ ಒಂದೇ ಪುಸ್ತಕ ಕಾಣಬೇಕು. ಹೊಸ ಕ್ಯಾಟಲಾಗ್ ಹುಡುಕಾಟ ವ್ಯವಸ್ಥೆ ಕೊಳ್ಳುವ ಅಥವಾ ಅಳವಡಿಸುವ ಮಾತು ಬಂದಾಗ ಪರದೆಯ ಅಂದ, ಮುಖಪುಟದ ಚಿತ್ರಗಳು, ಮಾರಾಟಗಾರರ ಸ್ಲೈಡುಗಳು ಇವೆಲ್ಲ ಆಮೇಲಿನ ಸಂಗತಿ. ಮೊದಲ ಅಳತೆಗೋಲು ಈ ಮೂರು ಟೈಪಿಂಗುಗಳೇ.

ಪುಣೆ, ಗೋವಾದಲ್ಲೂ ಪರಿಸ್ಥಿತಿ ಹೆಚ್ಚು ಬೇರೆಯಿಲ್ಲ. ಗೋವಾದಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಅಲ್ಲಿ ಕೊಂಕಣಿ ಪುಸ್ತಕಗಳು ದೇವನಾಗರಿಯಲ್ಲಿವೆ, ರೋಮನ್ ಲಿಪಿಯಲ್ಲಿವೆ, ಮಂಗಳೂರಿನಿಂದ ಬಂದವು ಕನ್ನಡ ಲಿಪಿಯಲ್ಲಿವೆ. ಭಾಷೆ ಒಂದು, ಲಿಪಿ ಮೂರು.

ಮೊದಲು ದಾಖಲೆ, ಆಮೇಲೆ ತಂತ್ರಾಂಶ

ಹುಡುಕಾಟ ಕೆಟ್ಟಿದೆ ಎನ್ನುವ ದೂರುಗಳಲ್ಲಿ ಬಹಳಷ್ಟು ನಿಜವಾಗಿ ದಾಖಲೆ, ಅಂದರೆ ಕ್ಯಾಟಲಾಗಿನಲ್ಲಿ ಪ್ರತಿ ಪುಸ್ತಕದ ವಿವರ ಬರೆದ ನಮೂದು, ಕೆಟ್ಟಿರುವ ದೂರುಗಳು. ಹೊಸ ವ್ಯವಸ್ಥೆ ಅದನ್ನು ಮರೆಸುವುದಿಲ್ಲ, ಇನ್ನಷ್ಟು ಎತ್ತಿ ತೋರಿಸುತ್ತದೆ. ಆದ್ದರಿಂದ ಯಾವ ಕಂಪನಿಗೂ ಫೋನ್ ಮಾಡುವ ಮೊದಲು ನಿಮ್ಮ ಕನ್ನಡ ಸಂಗ್ರಹದಿಂದ 200 ದಾಖಲೆಗಳನ್ನು ಯಾದೃಚ್ಛಿಕವಾಗಿ ತೆಗೆದು, ಪುಸ್ತಕವನ್ನು ಕೈಯಲ್ಲಿ ಹಿಡಿದು, ಒಂದೊಂದಾಗಿ ಹೋಲಿಸಿ. ಇಬ್ಬರು ಕೂತರೆ ಎರಡು ಮೂರು ದಿನದ ಕೆಲಸ. ನೋಡಬೇಕಾದದ್ದು ಹೀಗಿದೆ.

ಭಾಷೆಯ ಸಂಕೇತ. ಗ್ರಂಥಾಲಯಗಳು ಪುಸ್ತಕದ ವಿವರವನ್ನು ಸಂಖ್ಯೆ ಕೊಟ್ಟ ಕ್ಷೇತ್ರಗಳಲ್ಲಿ ಬರೆಯುವ ಮಾದರಿ ಮಾರ್ಕ್ 21. ಅದರ 008 ಕ್ಷೇತ್ರದಲ್ಲಿ 35ರಿಂದ 37ನೇ ಸ್ಥಾನದವರೆಗೆ ಮೂರಕ್ಷರದ ಭಾಷಾ ಸಂಕೇತ ಇರುತ್ತದೆ. ದಾಖಲೆ ಮಾಡುವ ಟೆಂಪ್ಲೇಟಿನಲ್ಲಿ ಇಂಗ್ಲಿಷ್ ಎಂದು ಮೊದಲೇ ತುಂಬಿದ್ದರೆ, ಅದನ್ನು ಬದಲಿಸಲು ಕ್ಯಾಟಲಾಗರ್ ಮರೆತರೆ, ಕನ್ನಡ ಕಾದಂಬರಿ ಇಂಗ್ಲಿಷ್ ಪುಸ್ತಕವಾಗಿಬಿಡುತ್ತದೆ. ಹಳೆಯ ಓಪ್ಯಾಕ್‌ನಲ್ಲಿ, ಅಂದರೆ ಓದುಗರು ಹುಡುಕುವ ಕಂಪ್ಯೂಟರ್ ಕ್ಯಾಟಲಾಗಿನಲ್ಲಿ, ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊಸ ವ್ಯವಸ್ಥೆಯಲ್ಲಿ ಎಡಪಕ್ಕದಲ್ಲಿ ‘ಭಾಷೆ’ ಎಂಬ ಫೆಸೆಟ್, ಅಂದರೆ ಫಲಿತಾಂಶ ಸೋಸುವ ಪಟ್ಟಿ, ಬರುತ್ತದೆ. ವಿದ್ಯಾರ್ಥಿ ‘ಕನ್ನಡ’ ಒತ್ತಿದ ಕೂಡಲೇ ಅರ್ಧ ಸಂಗ್ರಹ ಮಾಯವಾಗುತ್ತದೆ. ತಿದ್ದುವುದು ಕಷ್ಟವಲ್ಲ. ಮಾರ್ಕ್‌ಎಡಿಟ್ ಎಂಬ ಉಚಿತ ಉಪಕರಣದಲ್ಲಿ ವರ್ಗೀಕರಣ ಸಂಖ್ಯೆ 894.814ರಿಂದ ಶುರುವಾಗುವ ದಾಖಲೆಗಳನ್ನು, ಅಂದರೆ ಡ್ಯೂಯಿ ಪದ್ಧತಿಯ ಕನ್ನಡ ಸಾಹಿತ್ಯವನ್ನು, ಬೇರ್ಪಡಿಸಿ ಒಟ್ಟಿಗೆ ಬದಲಿಸಬಹುದು. ಕನ್ನಡದಿಂದ ಇಂಗ್ಲಿಷಿಗೆ ಅನುವಾದವಾದ ಪುಸ್ತಕಗಳೂ ಅದೇ ಸಂಖ್ಯೆಯಡಿ ಇರುತ್ತವೆ. ಅವನ್ನು ಕೈಯಿಂದ ಆರಿಸಿ ಹೊರಗಿಡಬೇಕು.

ಲಿಪಿ. ಇಲ್ಲಿ ಮೂರು ಬಗೆಯ ದಾಖಲೆಗಳು ಬೆರೆತಿರುತ್ತವೆ: ಯೂನಿಕೋಡ್ ಕನ್ನಡ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಮತ್ತು ಹಳೆಯ ಫಾಂಟ್ ಸಂಕೇತಗಳು. ಮೂರನೆಯದೇ ದೊಡ್ಡ ತಲೆನೋವು. ನುಡಿ, ಬರಹ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಇಂಥವುಗಳ ಹಳೆಯ ಫಾಂಟುಗಳಲ್ಲಿ ನಮೂದಿಸಿದ ಶೀರ್ಷಿಕೆ ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಒಳಗಡೆ ಇರುವುದು ಯುರೋಪಿನ ಅಕ್ಷರಗಳು, ಚಿಹ್ನೆಗಳು. ಹುಡುಕಾಟ ಎಂಜಿನ್ನಿಗೆ ಅದು ಅರ್ಥವಿಲ್ಲದ ಕಸ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ ಅವು ಎಡವುತ್ತವೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ವ್ಯಂಜನದ ನಂತರ ಇಡುತ್ತಾರೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿ, ಮೊದಲು ಇಡಬೇಕು. ಪರಿವರ್ತನೆಯಾದ ಮೇಲೆ ‘ಧರ್ಮ’, ‘ಸೂರ್ಯ’, ‘ಕಾರ್ಯ’, ‘ವರ್ಷ’ ಇರುವ ಶೀರ್ಷಿಕೆಗಳನ್ನೇ ಆರಿಸಿ ಪರೀಕ್ಷಿಸಿದರೆ ತಪ್ಪುಗಳ ಬಹುಪಾಲು ಅಲ್ಲೇ ಸಿಗುತ್ತದೆ.

ಲೇಖಕರ ಹೆಸರು. ‘ದ.ರಾ. ಬೇಂದ್ರೆ’, ‘ದ. ರಾ. ಬೇಂದ್ರೆ’, ‘ಬೇಂದ್ರೆ, ದತ್ತಾತ್ರೇಯ ರಾಮಚಂದ್ರ’, ‘ಅಂಬಿಕಾತನಯದತ್ತ’ ಹೀಗೆ ಒಬ್ಬರೇ ಕವಿ ನಾಲ್ಕು ಜನರಾಗಿ ಕೂತಿರುತ್ತಾರೆ. ಇದಕ್ಕೆ ಪರಿಹಾರ ಅಥಾರಿಟಿ ಫೈಲ್. ಒಂದು ಮುಖ್ಯ ರೂಪ, ಉಳಿದವೆಲ್ಲ 400 ಕ್ಷೇತ್ರದಲ್ಲಿ ‘ಇದನ್ನು ನೋಡು’ ರೂಪಗಳಾಗಿ. ಸಂಗ್ರಹದಲ್ಲಿ ಹೆಚ್ಚು ಪುಸ್ತಕಗಳಿರುವ 150 ಕನ್ನಡ ಲೇಖಕರಿಗೆ ಇಷ್ಟು ಮಾಡಿದರೂ ಹುಡುಕಾಟದ ಗುಣ ಎದ್ದು ಕಾಣುವಷ್ಟು ಬದಲಾಗುತ್ತದೆ. ತಂತ್ರಾಂಶಕ್ಕೆ ಖರ್ಚು ಮಾಡುವ ಹಣದ ಒಂದು ಪಾಲು ಇಲ್ಲಿಗೆ ಬರಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ.

ರಫ್ತು. ಮಾರ್ಕ್ ದಾಖಲೆಗಳನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವ ಹಳೆಯ ರೂಪ ಐಎಸ್‌ಒ 2709. ಅದರಲ್ಲಿ ಒಂದು ಕ್ಷೇತ್ರದ ಉದ್ದ ಬರೆಯಲು ಇರುವುದು ನಾಲ್ಕೇ ಅಂಕಿ. ಅಂದರೆ ಹೆಚ್ಚೆಂದರೆ 9,999 ಬೈಟ್. ಇಡೀ ದಾಖಲೆಗೆ 99,999 ಬೈಟ್. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಕ್ಷೀ’ ಎಂಬ ಒಂದೇ ಅಕ್ಷರದಲ್ಲಿ ನಾಲ್ಕು ಸಂಕೇತಗಳಿವೆ, ಅದಕ್ಕೇ 12 ಬೈಟ್ ಹೋಯಿತು. ಹಾಗಾಗಿ ಪ್ರಬಂಧ ಸಂಕಲನಗಳ 505 ಕ್ಷೇತ್ರದಲ್ಲಿ ಇಡೀ ಪರಿವಿಡಿ ಬರೆದಿದ್ದರೆ ಸುಮಾರು 3,300 ಸಂಕೇತ ದಾಟಿದ ಕೂಡಲೇ ಆ ದಾಖಲೆ ಮುರಿಯುತ್ತದೆ. ಕೆಲವು ಸಲ ಅದರ ಹಿಂದಿನಿಂದ ಬರುವ ದಾಖಲೆಗಳನ್ನೂ ಕೆಡಿಸುತ್ತದೆ. ಇನ್ನೊಂದು ಬಗೆಯ ತಪ್ಪೂ ಉಂಟು. ತಂತ್ರಾಂಶ ಬೈಟ್ ಎಣಿಸುವ ಬದಲು ಅಕ್ಷರ ಎಣಿಸಿ ಉದ್ದ ಬರೆದರೆ ಇಂಗ್ಲಿಷ್ ದಾಖಲೆಗಳೆಲ್ಲ ಸರಿಯಾಗಿ ಹೋಗುತ್ತವೆ, ಕನ್ನಡ, ಮರಾಠಿ ದಾಖಲೆಗಳು ಮಾತ್ರ ಒಡೆಯುತ್ತವೆ. ಎರಡಕ್ಕೂ ಮದ್ದು ಒಂದೇ, ಉದ್ದ ಬರೆಯಬೇಕಿಲ್ಲದ ಎಕ್ಸ್‌ಎಂಎಲ್ ರೂಪವಾದ ಮಾರ್ಕ್‌ಎಕ್ಸ್‌ಎಂಎಲ್‌ನಲ್ಲಿ ರಫ್ತು ಮಾಡುವುದು. ನಿಮ್ಮ ಈಗಿನ ತಂತ್ರಾಂಶ ಅದನ್ನು ಕೊಡುತ್ತದೆಯೇ ಎಂದು ಮೊದಲೇ ಕೇಳಿ. ಲೀಡರಿನ, ಅಂದರೆ ಮಾರ್ಕ್ ದಾಖಲೆಯ ತಲೆಭಾಗದ, 9ನೇ ಸ್ಥಾನದಲ್ಲಿ ಯೂನಿಕೋಡ್ ಸೂಚಿಸುವ ‘ಎ’ ಇದೆಯೇ ಎಂಬುದನ್ನೂ ನೋಡಿ. ಅದು ಖಾಲಿ ಇದ್ದರೆ ಆಮದು ಮಾಡುವ ತಂತ್ರಾಂಶ ಕನ್ನಡವನ್ನು ಬೇರೇನೋ ಎಂದುಕೊಂಡು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮಾಡಿಬಿಡುತ್ತದೆ.

ನಾಲ್ಕು ದಾರಿಗಳು

ಈಗಿರುವುದನ್ನೇ ಮೇಲ್ದರ್ಜೆಗೆ ಏರಿಸುವುದು ಮೊದಲನೆಯ ದಾರಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ತಯಾರಿಸಿದ ಸೋಲ್ ಎಂಬ ಗ್ರಂಥಾಲಯ ತಂತ್ರಾಂಶ ಅನೇಕ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿದೆ. ಅದರ 3.0 ಆವೃತ್ತಿ 2021ರಲ್ಲಿ ಬಂತು. ಮಾರ್ಕ್ 21, ಯೂನಿಕೋಡ್ ಎರಡನ್ನೂ ಬೆಂಬಲಿಸುತ್ತದೆ. ಮಹಾರಾಷ್ಟ್ರದಲ್ಲಿ ಪುಣೆಯ ಆಲ್ಗೊರಿದಮ್ಸ್ ಸಂಸ್ಥೆಯ ಸ್ಲಿಮ್ ಬಳಸುವ ಗ್ರಂಥಾಲಯಗಳೂ ಇವೆ. ಸಿಬ್ಬಂದಿಗೆ ಕೆಲಸ ಗೊತ್ತಿದೆ, ಬಾರ್‌ಕೋಡ್, ಪ್ರತಿಯೊಂದು ಪ್ರತಿಗೂ ಕೊಟ್ಟ ಆಕ್ಸೆಶನ್ ನಂಬರ್, ಸದಸ್ಯರ ಕಾರ್ಡು ಯಾವುದನ್ನೂ ಮುಟ್ಟಬೇಕಿಲ್ಲ. ಹತ್ತು ಹದಿನೈದು ಸಾವಿರ ಪುಸ್ತಕದ ಕಾಲೇಜಿಗೆ ಇದೇ ಸಾಕಾಗಬಹುದು. ಹುಡುಕಾಟದ ಒಳಗಿನ ನಿಯಮಗಳನ್ನು ನೀವೇ ತಿದ್ದಲು ಆಗುವುದಿಲ್ಲ ಎಂಬುದು ಇದರ ಮಿತಿ. ಕನ್ನಡದ ಒಂದು ತೊಡಕು ಕಂಡರೆ ತಯಾರಕರಿಗೆ ಬರೆದು ಕಾಯಬೇಕು.

ಎರಡನೆಯದು ಕೋಹಾ. ನ್ಯೂಜಿಲೆಂಡಿನಲ್ಲಿ 1999ರಲ್ಲಿ ಶುರುವಾಗಿ 2000ದ ಜನವರಿಯಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ. ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಖರೀದಿ, ಕ್ಯಾಟಲಾಗ್, ಓಪ್ಯಾಕ್ ಎಲ್ಲ ಒಂದರಲ್ಲೇ ಇದೆ. ವರ್ಷಕ್ಕೆ ಎರಡು ಹೊಸ ಆವೃತ್ತಿ, ಮೇ ಮತ್ತು ನವೆಂಬರಿನಲ್ಲಿ. ಭಾರತದಲ್ಲಿ ಇದನ್ನು ಬಲ್ಲವರು ಸಿಗುತ್ತಾರೆ, ಅದೇ ದೊಡ್ಡ ಬಲ. ಆದರೆ ಕೋಹಾದಲ್ಲಿ ಎರಡು ಹುಡುಕಾಟ ಎಂಜಿನ್ನುಗಳಿವೆ ಎಂಬುದನ್ನು ಟೆಂಡರ್ ಬರೆಯುವವರು ಗಮನಿಸುವುದೇ ಇಲ್ಲ. ಒಂದು ಝೀಬ್ರಾ, ಹಗುರ. ಇನ್ನೊಂದು ಎಲಾಸ್ಟಿಕ್‌ಸರ್ಚ್, ಭಾರ.

ಝೀಬ್ರಾ ಹಾಕುವುದಾದರೆ ಸೂಚೀಕರಣಕ್ಕೆ, ಅಂದರೆ ದಾಖಲೆಗಳ ಪದಗಳನ್ನು ಹುಡುಕಲು ಬರುವಂತೆ ಪಟ್ಟಿ ಮಾಡುವುದಕ್ಕೆ, ಯೂನಿಕೋಡ್ ಲಿಪಿಗಳನ್ನು ಬಲ್ಲ ಐಸಿಯು ಬಗೆಯನ್ನೇ ಆರಿಸಬೇಕು. ಸಿಎಚ್‌ಆರ್ ಎಂಬ ಇನ್ನೊಂದು ಬಗೆ ಲ್ಯಾಟಿನ್ ಅಕ್ಷರಗಳ ಪಟ್ಟಿಯ ಮೇಲೆ ನಿಂತದ್ದು. ಅದರಲ್ಲಿ ಕನ್ನಡ ಪದ ಹಾಕಿದರೆ ಫಲಿತಾಂಶ ಸೊನ್ನೆ, ಇಲ್ಲವೇ ಸಂಬಂಧವಿಲ್ಲದ ರಾಶಿ. ಬಗೆ ಬದಲಿಸಿದ ಮೇಲೆ ಸೂಚಿಯನ್ನು ಪೂರ್ತಿ ಮರುಕಟ್ಟಬೇಕು. ಅಷ್ಟು ಮಾಡದೆ ‘ಬದಲಿಸಿದೆವು, ಆದರೂ ಕನ್ನಡ ಬರುತ್ತಿಲ್ಲ’ ಎನ್ನುವುದು ಬಹಳ ಕಡೆ ಕೇಳುವ ಮಾತು. ಎಲಾಸ್ಟಿಕ್‌ಸರ್ಚ್ ಹಾಕುವುದಾದರೆ ಅದರ ಐಸಿಯು ಪ್ಲಗಿನ್ ಬೇರೆಯಾಗಿ ಸೇರಿಸಬೇಕು. ಅದಿಲ್ಲದೆ ಕೋಹಾ ಸೂಚಿ ಕಟ್ಟುವುದೇ ಇಲ್ಲ. ಲಕ್ಷದಷ್ಟು ದಾಖಲೆಗೆ ಝೀಬ್ರಾ ಜೊತೆ 8 ಜಿಬಿ ಮೆಮೊರಿಯ ಸರ್ವರ್ ಸಾಕು, ಎಲಾಸ್ಟಿಕ್‌ಸರ್ಚ್ ಜೊತೆ 16 ಜಿಬಿ ಇಟ್ಟುಕೊಳ್ಳಿ.

ಮೂರನೆಯದು ಹುಡುಕಾಟದ ಪದರವನ್ನು ಮಾತ್ರ ಬೇರೆ ಮಾಡುವುದು. ಹಿಂದೆ ಕೋಹಾ ಇರಲಿ, ಬೇರೆ ಯಾವುದೇ ಇರಲಿ, ಓದುಗರ ಮುಂದೆ ವುಫೈಂಡ್. ಅಮೆರಿಕದ ವಿಲನೋವಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಮುಕ್ತ ತಂತ್ರಾಂಶ. ಪಿಎಚ್‌ಪಿಯಲ್ಲಿ ಬರೆದದ್ದು, ಒಳಗೆ ಸಾಲ್ರ್ ಎಂಬ ಹುಡುಕಾಟ ಎಂಜಿನ್. ಮಾರ್ಕ್ ದಾಖಲೆಗಳ ಜೊತೆಗೆ ಒಎಐ-ಪಿಎಂಎಚ್ ಎಂಬ ವಿವರ ತರಿಸುವ ವಿಧಾನದ ಮೂಲಕ ಡಿಸ್ಪೇಸ್ ಎಂಬ ಡಿಜಿಟಲ್ ಭಂಡಾರದಲ್ಲಿರುವ ಪ್ರಬಂಧಗಳು, ಹಳೆಯ ಪತ್ರಿಕೆಗಳ ಸ್ಕ್ಯಾನ್‌ಗಳು ಎಲ್ಲವನ್ನೂ ಒಂದೇ ಸೂಚಿಗೆ ತರಬಹುದು. ಪುಸ್ತಕ ಒಳಗಿದೆಯೋ ಹೊರಗೆ ಹೋಗಿದೆಯೋ ಎಂಬುದನ್ನು ಕೋಹಾದಿಂದ ಆಗಿಂದಾಗ್ಗೆ ಕೇಳಿ ತೋರಿಸುವ ಡ್ರೈವರ್ ಸಿದ್ಧವಾಗಿಯೇ ಇದೆ. ಬ್ಲ್ಯಾಕ್‌ಲೈಟ್ ಕೂಡ ಇದೇ ಜಾತಿಯದು, ಸಾಲ್ರ್ ಮೇಲೆಯೇ ನಿಂತದ್ದು. ಆದರೆ ರೂಬಿ ಬಲ್ಲ ಪ್ರೋಗ್ರಾಮರ್ ಕಾಯಂ ಇಲ್ಲದ ಗ್ರಂಥಾಲಯಕ್ಕೆ ಅದನ್ನು ನಾವು ಸೂಚಿಸುವುದಿಲ್ಲ.

ನಾಲ್ಕನೆಯದು ವಾಣಿಜ್ಯ ಡಿಸ್ಕವರಿ ಸೇವೆ: ಎಬ್ಸ್ಕೋ ಡಿಸ್ಕವರಿ, ಪ್ರಿಮೋ, ಸಮನ್, ವರ್ಲ್ಡ್‌ಕ್ಯಾಟ್ ಡಿಸ್ಕವರಿ. ಪ್ರಿಮೋ, ಸಮನ್ ಎರಡೂ ಈಗ ಕ್ಲಾರಿವೇಟ್ ಕೈಯಲ್ಲಿವೆ. ಇವುಗಳ ಶಕ್ತಿ ಇರುವುದು ಕೇಂದ್ರ ಸೂಚಿಯಲ್ಲಿ, ಅಂದರೆ ಪ್ರಕಾಶಕರಿಂದ ಪಡೆದ ಕೋಟಿಗಟ್ಟಲೆ ಲೇಖನಗಳ ವಿವರದಲ್ಲಿ. ಇಂಗ್ಲಿಷ್ ಜರ್ನಲ್ ಲೇಖನ ಹುಡುಕುವ ವಿಜ್ಞಾನ, ಅರ್ಥಶಾಸ್ತ್ರ ವಿಭಾಗಗಳಿಗೆ ಇದಕ್ಕೆ ಸಾಟಿಯಿಲ್ಲ. ಕನ್ನಡ ವಿಭಾಗಕ್ಕೆ ಬಂದರೆ ಚಿತ್ರ ಬೇರೆ. ಕನ್ನಡ ಸಾಹಿತ್ಯ ಪತ್ರಿಕೆಗಳ ಲೇಖನಗಳು ಆ ಸೂಚಿಗಳಲ್ಲಿ ಅಪರೂಪ. ನಿಮ್ಮದೇ ಕನ್ನಡ ದಾಖಲೆಗಳನ್ನು ಅವರ ಸರ್ವರಿಗೆ ಕಳಿಸಬೇಕು. ಅಲ್ಲಿ ಅವು ಆ ಕೋಟಿಗಳ ನಡುವೆ ಮುಳುಗುತ್ತವೆ. ‘ನಮ್ಮ ಗ್ರಂಥಾಲಯದ್ದು ಮಾತ್ರ’ ಎಂಬ ಫಿಲ್ಟರ್ ಮೊದಲ ಪರದೆಯಲ್ಲೇ ಕಾಣುವಂತೆ ಇಡಲು ಬರುತ್ತದೆಯೇ ಎಂದು ಡೆಮೊದಲ್ಲಿ ನೋಡಿ. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದಿಲ್ಲ, ಆದ್ದರಿಂದ ಮುಖಪುಟ ಚಿತ್ರ, ವಿಮರ್ಶೆಗಳ ಜೋಡಣೆ ಇವೆಲ್ಲ ಅವುಗಳ ಪಾಲಿಗೆ ಇಲ್ಲ.

2025ರ ಜನವರಿ 1ರಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಬಂದ ಮೇಲೆ ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ತೆರೆದುಕೊಂಡಿವೆ. ಇದು ಡಿಸ್ಕವರಿ ಸೇವೆಯ ಪರ ವಾದವೂ ಹೌದು, ವಿರುದ್ಧ ವಾದವೂ ಹೌದು. ಇಷ್ಟೊಂದು ಜರ್ನಲ್ ಇರುವಾಗ ಒಂದೇ ಕಿಟಕಿಯಲ್ಲಿ ಹುಡುಕುವ ಅನುಕೂಲ ಬೇಕು, ನಿಜ. ಅದೇ ಲೇಖನಗಳು ಗೂಗಲ್ ಸ್ಕಾಲರ್‌ನಲ್ಲಿ ಉಚಿತವಾಗಿ ಹುಡುಕಲು ಸಿಗುತ್ತವೆ ಎಂಬುದೂ ನಿಜ. ಡಿಸ್ಕವರಿ ತೆಗೆದುಕೊಂಡರೆ ನಿಮ್ಮ ಜರ್ನಲ್ ಪಟ್ಟಿಯನ್ನು ಅವರ ನಾಲೆಜ್ ಬೇಸ್‌ನಲ್ಲಿ (ಯಾವ ಗ್ರಂಥಾಲಯಕ್ಕೆ ಯಾವ ಜರ್ನಲ್ ತೆರೆದಿದೆ ಎಂಬ ಪಟ್ಟಿಯಲ್ಲಿ) ಹೊಸ ಯೋಜನೆಗೆ ಸರಿಹೊಂದಿಸುವ ಕೆಲಸ ಯಾರದ್ದು ಎಂದು ಬರವಣಿಗೆಯಲ್ಲಿ ಪಡೆಯಿರಿ. ಅದು ಆಗದಿದ್ದರೆ ಓದುಗ ಲಿಂಕ್ ಒತ್ತಿದಾಗ ಹಣ ಕೇಳುವ ಪುಟ ಬರುತ್ತದೆ.

ಈ ಸೇವೆಗಳಲ್ಲಿ ತಡವಾಗಿ ಗೊತ್ತಾಗುವ ತೊಂದರೆ ಅಳಿಸಿದ ದಾಖಲೆಗಳದ್ದು. ರಾತ್ರಿ ಹೊಸ ದಾಖಲೆಗಳ ಕಡತ ತಾನಾಗಿ ಹೋಗುತ್ತದೆ. ಆದರೆ ರದ್ದಾದ ಪುಸ್ತಕದ ದಾಖಲೆಯನ್ನು ಲೀಡರಿನ 5ನೇ ಸ್ಥಾನದಲ್ಲಿ ‘ಡಿ’ ಗುರುತಿಟ್ಟು ಬೇರೆಯಾಗಿ ಕಳಿಸಬೇಕು. ಕಳಿಸದಿದ್ದರೆ ಇಲ್ಲದ ಪುಸ್ತಕಗಳು ಹುಡುಕಾಟದಲ್ಲಿ ಬೆಳೆಯುತ್ತಾ ಹೋಗುತ್ತವೆ, ವಿದ್ಯಾರ್ಥಿ ಸ್ಟ್ಯಾಕ್‌ಗೆ ಹೋಗಿ ಬರಿಗೈಯಲ್ಲಿ ಬರುತ್ತಾನೆ. ಮೂರು ತಿಂಗಳಿಗೊಮ್ಮೆ ಎರಡೂ ಕಡೆಯ ದಾಖಲೆಗಳ ಒಟ್ಟು ಸಂಖ್ಯೆ ಹೋಲಿಸುವುದು ಒಳ್ಳೆಯ ಅಭ್ಯಾಸ.

ಸಹಿ ಹಾಕುವ ಮೊದಲು: ಕನ್ನಡದ ಪರೀಕ್ಷೆ

ಮಾರಾಟಗಾರರ ಡೆಮೊದಲ್ಲಿ ಅವರ ದಾಖಲೆ ಇರುತ್ತದೆ, ಅವರ ಪ್ರಶ್ನೆ ಇರುತ್ತದೆ. ಅದನ್ನು ಒಪ್ಪಬೇಡಿ. ನಿಮ್ಮ 5,000 ದಾಖಲೆಗಳನ್ನು ಕೊಡಿ, ಅದರಲ್ಲಿ ಕನಿಷ್ಠ 1,500 ಕನ್ನಡದ್ದಿರಲಿ, ಉಳಿದವು ಮರಾಠಿ, ಇಂಗ್ಲಿಷ್, ಕೊಂಕಣಿ. ಅದರ ಮೇಲೆ 40 ಪ್ರಶ್ನೆಗಳ ಪಟ್ಟಿ ಓಡಿಸಿ. ಪ್ರತಿ ಪ್ರಶ್ನೆಗೆ ಯಾವ ಪುಸ್ತಕ ಮೊದಲ ಹತ್ತರೊಳಗೆ ಬರಬೇಕೆಂದು ಮುಂಚೆಯೇ ಬರೆದಿಡಿ. ಎಲ್ಲ ಆಯ್ಕೆಗಳಿಗೂ ಅದೇ ದಾಖಲೆ, ಅದೇ ಪಟ್ಟಿ. ಪಟ್ಟಿಯಲ್ಲಿ ಈ ಬಗೆಗಳು ಬರಲೇಬೇಕು.

ಕಣ್ಣಿಗೆ ಕಾಣದ ಸಂಕೇತಗಳು. ‘ಶೇಕ್ಸ್‌ಪಿಯರ್’ ಎಂದು ಸರಿಯಾಗಿ ಮೂಡಬೇಕಾದರೆ ‘ಕ್ಸ್’ ಮತ್ತು ‘ಪಿ’ ನಡುವೆ ಅಗಲವಿಲ್ಲದ ಒಂದು ಬೇರ್ಪಡಿಸುವ ಸಂಕೇತ ಇರುತ್ತದೆ. ಓದುಗರು ಟೈಪ್ ಮಾಡುವಾಗ ಅದು ಬರಬಹುದು, ಬರದಿರಬಹುದು. ದಾಖಲೆಯಲ್ಲಿ ಇದ್ದು ಪ್ರಶ್ನೆಯಲ್ಲಿ ಇಲ್ಲದಿದ್ದರೆ ಯಂತ್ರಕ್ಕೆ ಅವೆರಡು ಬೇರೆ ಪದ. ಸಾಲ್ರ್, ಎಲಾಸ್ಟಿಕ್‌ಸರ್ಚ್‌ಗಳ ಐಸಿಯು ಫೋಲ್ಡಿಂಗ್ ಎಂಬ ಫಿಲ್ಟರ್ ಇದನ್ನು ಕಿತ್ತುಹಾಕುತ್ತದೆ. ಝೀಬ್ರಾದಲ್ಲಿ ನಿಯಮ ಸೇರಿಸಬೇಕೋ ಎಂದು ಪರೀಕ್ಷಿಸಿಯೇ ತಿಳಿಯಬೇಕು. ಪರೀಕ್ಷೆಗೆ ಈ ಪದವನ್ನು ಆ ಸಂಕೇತದೊಂದಿಗೆ, ಅದಿಲ್ಲದೆ, ಮತ್ತು ‘ಷೇ’ಯಿಂದ ಶುರುಮಾಡಿ, ಹೀಗೆ ಮೂರು ರೀತಿ ಹಾಕಿ.

ಸ್ವರಚಿಹ್ನೆಗಳ ಎರಡು ರೂಪ. ‘ಕೋ’ದಲ್ಲಿರುವ ಓಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ, ಊಕಾರ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹಳೆಯ ಪರಿವರ್ತಕಗಳು ಎರಡನೆಯ ರೂಪ ಬಿಟ್ಟುಹೋಗಿರುತ್ತವೆ. ಆಮದಿಗೆ ಮುಂಚೆ ಇಡೀ ಕಡತವನ್ನು, ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದುಬಿಟ್ಟರೆ ಈ ತಲೆನೋವು ಮುಗಿಯಿತು.

ಹಲಂತ. ಫೋಲ್ಡಿಂಗ್ ಎನ್ನುವ ಅದೇ ಫಿಲ್ಟರ್ ಇರುವುದು ಫ್ರೆಂಚ್, ಪೋರ್ಚುಗೀಸ್ ಅಕ್ಷರಗಳ ಮೇಲಿನ ಗುರುತುಗಳನ್ನು ಅಳಿಸಲು. ಗೋವಾದ ಪೋರ್ಚುಗೀಸ್ ಸಂಗ್ರಹಕ್ಕೆ ಅದು ವರವೇ. ಆದರೆ ಅದು ಕನ್ನಡದ ಹಲಂತವನ್ನೂ, ಅಂದರೆ ವ್ಯಂಜನದ ಸ್ವರ ಕಳೆಯುವ ಚಿಹ್ನೆಯನ್ನೂ, ಗುರುತೆಂದು ಅಳಿಸಿದರೆ ‘ಕರ್ಣ’ ಹೋಗಿ ‘ಕರಣ’ ಆಗುತ್ತದೆ. ಸಾಲ್ರ್‌ನ ಆಡಳಿತ ಪುಟದಲ್ಲಿ ‘ಅನಾಲಿಸಿಸ್’ ಎಂಬ ಪರದೆ ಇದೆ. ಅಲ್ಲಿ ‘ಕರ್ಣ’ ಎಂದು ಹಾಕಿದರೆ ಒಂದೊಂದು ಫಿಲ್ಟರ್ ದಾಟಿದಾಗಲೂ ಪದ ಏನಾಯಿತು ಎಂದು ಸಾಲುಸಾಲಾಗಿ ಕಾಣುತ್ತದೆ. ಎಲಾಸ್ಟಿಕ್‌ಸರ್ಚ್‌ನಲ್ಲೂ ಇಂಥದ್ದೇ ವ್ಯವಸ್ಥೆ ಇದೆ. ಹಲಂತ ಹೋಗುತ್ತಿದ್ದರೆ, ಅದರ 0ಸಿಸಿಡಿ ಸಂಕೇತವನ್ನು ಮುಟ್ಟಬೇಡ ಎಂದು ಫಿಲ್ಟರಿಗೆ ಯೂನಿಕೋಡ್ ಸೆಟ್ ಕೊಡಬಹುದು. ಒಂದು ಸಾಲಿನ ತಿದ್ದುಪಡಿ, ಆಮೇಲೆ ಪೂರ್ತಿ ರೀ-ಇಂಡೆಕ್ಸ್, ಅಂದರೆ ಸೂಚಿಯನ್ನು ಮರುಕಟ್ಟುವುದು. ಮುಕ್ತ ತಂತ್ರಾಂಶ ಕೈಯಲ್ಲಿರುವುದರ ಬೆಲೆ ಗೊತ್ತಾಗುವುದು ಇಂಥ ಕಡೆ. ವಾಣಿಜ್ಯ ಸೇವೆಯಲ್ಲಿ ಈ ಪರದೆಯೇ ನಿಮಗೆ ಕಾಣುವುದಿಲ್ಲ.

ವಿಭಕ್ತಿ. ಶೀರ್ಷಿಕೆಯಲ್ಲಿ ‘ಮುಂಬಯಿಯ’, ‘ಮುಂಬಯಿಯಲ್ಲಿ’ ಎಂದಿರುತ್ತದೆ. ಓದುಗರು ‘ಮುಂಬಯಿ’ ಎನ್ನುತ್ತಾರೆ, ಇಲ್ಲವೇ ‘ಮುಂಬೈ’. ಇಂಗ್ಲಿಷ್ ಪದಗಳ ಬಾಲ ಕತ್ತರಿಸಿ ಮೂಲರೂಪ ಹಿಡಿಯುವ ಸ್ಟೆಮರ್ ಸಾಲ್ರ್, ಎಲಾಸ್ಟಿಕ್‌ಸರ್ಚ್ ಎರಡರ ಒಳಗೂ ಇರುವ ಲ್ಯೂಸೀನ್ ಎಂಜಿನ್ನಿನಲ್ಲೇ ಇದೆ, ಹಿಂದಿಗೂ ಇದೆ. ಕನ್ನಡಕ್ಕೆ ಸಿದ್ಧ ಸ್ಟೆಮರ್ ಅದರ ಜೊತೆ ಬರುವುದಿಲ್ಲ. ಸದ್ಯದ ದಾರಿ ಎರಡು. ಪದದ ಕೊನೆಗೆ ತಾನಾಗಿ ನಕ್ಷತ್ರ ಚಿಹ್ನೆ ಸೇರಿಸುವ ಆಟೋ ಟ್ರಂಕೇಶನ್ ಒಂದು. ಕೋಹಾದಲ್ಲಿ ಇದೊಂದು ಆಯ್ಕೆ, ಒತ್ತಿದರೆ ಆಯಿತು. ಎರಡನೆಯದು ಪರ್ಯಾಯ ರೂಪಗಳ ಪಟ್ಟಿ: ಮುಂಬಯಿ, ಮುಂಬೈ, ಬೊಂಬಾಯಿ, ಬಾಂಬೆ. ಮೊದಲನೆಯದಕ್ಕೆ ಒಂದು ಬೆಲೆ ಇದೆ. ‘ಕಲೆ’ ಎಂದು ಹುಡುಕಿದರೆ ‘ಕಲೆಕ್ಟರ್’ ಕೂಡ ಬರುತ್ತಾನೆ. ಆದರೂ ಕನ್ನಡಕ್ಕೆ ಅದನ್ನು ಚಾಲೂ ಇಡುವುದೇ ಮೇಲು. ಹೆಚ್ಚು ಫಲಿತಾಂಶ ಬಂದರೆ ಓದುಗರು ಸೋಸುತ್ತಾರೆ, ಸೊನ್ನೆ ಬಂದರೆ ಪುಸ್ತಕವೇ ಇಲ್ಲವೆಂದು ಹೊರಟುಹೋಗುತ್ತಾರೆ.

ಲಿಪಿ ದಾಟುವುದು. ಮೊದಲು ಹೇಳಿದ ಮೂರು ಟೈಪಿಂಗುಗಳಿಗೆ ಇಲ್ಲಿ ಉತ್ತರ ಸಿಗಬೇಕು. ದಾರಿ ಒಂದು: ದಾಖಲೆಯಲ್ಲೇ ಎರಡು ಲಿಪಿ ಇಡುವುದು. 245 ಕ್ಷೇತ್ರದಲ್ಲಿ ಇಂಗ್ಲಿಷ್ ಅಕ್ಷರದ ಶೀರ್ಷಿಕೆ, 880ರಲ್ಲಿ ಕನ್ನಡದ್ದು, ಎರಡನ್ನೂ ಬೆಸೆಯಲು 6ನೇ ಉಪಕ್ಷೇತ್ರ. 245ರಲ್ಲಿ ‘880-01’ ಎಂದೂ, 880ರಲ್ಲಿ ‘245-01’ ಎಂದೂ ಬರೆಯುತ್ತಾರೆ. ಕೆಲಸ ದುಪ್ಪಟ್ಟು, ಆದರೆ ದಾಖಲೆ ಎಲ್ಲಿಗೆ ಹೋದರೂ ಎರಡೂ ರೂಪ ಜೊತೆಗಿರುತ್ತವೆ. 880 ಸೂಚಿಗೆ ಹೋಗುತ್ತಿದೆಯೇ ಎಂದು ಪ್ರತಿ ತಂತ್ರಾಂಶದಲ್ಲೂ ಪರೀಕ್ಷಿಸಿ. ವುಫೈಂಡ್ ಬಳಸುವ ಸಾಲ್ರ್‌ಮಾರ್ಕ್‌ನಲ್ಲಿ ಯಾವುದೇ ಕ್ಷೇತ್ರಕ್ಕೆ ಜೋಡಿಯಾದ 880ನ್ನು ಎತ್ತಿಕೊಳ್ಳಲು ನಿಯಮ ಬರೆಯಬಹುದು. ದಾರಿ ಎರಡು: ದಾಖಲೆಯಲ್ಲಿ ಕನ್ನಡ ಮಾತ್ರ, ಸೂಚಿ ಕಟ್ಟುವಾಗ ಐಸಿಯು ಲಿಪ್ಯಂತರದಿಂದ ಲ್ಯಾಟಿನ್ ರೂಪವನ್ನು ಯಂತ್ರವೇ ಮಾಡಿಕೊಳ್ಳುವುದು. ಕನ್ನಡ, ದೇವನಾಗರಿ ಎರಡೂ ಒಂದೇ ಲ್ಯಾಟಿನ್ ರೂಪಕ್ಕೆ ಇಳಿಯುವುದರಿಂದ ಮರಾಠಿ ಕೀಲಿಮಣೆಯವರಿಗೂ ಪುಸ್ತಕ ಸಿಗುತ್ತದೆ.

ಈ ಎರಡನೆಯ ದಾರಿಯಲ್ಲಿ ಎರಡು ಹಳ್ಳಗಳಿವೆ. ಭಾರತೀಯ ಲಿಪಿಗಳನ್ನು ಲ್ಯಾಟಿನ್ ಅಕ್ಷರಕ್ಕೆ ತರುವ ಐಎಸ್‌ಒ 15919 ಪದ್ಧತಿಯಲ್ಲಿ ‘ಚ’ಕ್ಕೆ ಬರೀ ‘ಸಿ’, ನಮ್ಮ ಜನ ಒತ್ತುವುದು ‘ಸಿ ಎಚ್’. ಅನುಸ್ವಾರ ‘ಬೇಂದ್ರೆ’ಯಲ್ಲಿ ‘ಎನ್’ ಆಗಬೇಕು, ‘ಕುವೆಂಪು’ವಿನಲ್ಲಿ ‘ಎಮ್’ ಆಗಬೇಕು. ಇವೆರಡಕ್ಕೂ ಬದಲಿಕೆಯ ನಿಯಮ ನೀವೇ ಸೇರಿಸಬೇಕು, ಈ ಹೆಸರುಗಳನ್ನೇ ಇಟ್ಟು ಪರೀಕ್ಷಿಸಬೇಕು. ಹೊಸದಾಗಿ ಶುರುಮಾಡುವ ಗ್ರಂಥಾಲಯಕ್ಕೆ ನಮ್ಮ ಸಲಹೆ: ದಾಖಲೆ ಕನ್ನಡ ಲಿಪಿಯಲ್ಲೇ ಇರಲಿ, ಲಿಪ್ಯಂತರ ಯಂತ್ರ ಮಾಡಲಿ. ಈಗಾಗಲೇ ಇಂಗ್ಲಿಷ್ ಅಕ್ಷರದ ದಾಖಲೆಗಳ ದೊಡ್ಡ ರಾಶಿ ಇದ್ದವರು ಅವನ್ನು ಎಸೆಯದೆ 880 ಜೋಡಿಸುವುದು ಒಳ್ಳೆಯದು.

ಗೋವಾದ ಕೊಂಕಣಿಗೆ ಒಂದು ಮಾತು. 008ರಲ್ಲಿ ಮೂರೂ ಲಿಪಿಯ ಪುಸ್ತಕಗಳಿಗೆ ಕೊಂಕಣಿಯ ಸಂಕೇತವೇ ಇರಲಿ, ಲಿಪಿಯ ಹೆಸರನ್ನು 546ರ ‘ಬಿ’ ಉಪಕ್ಷೇತ್ರದಲ್ಲಿ ಬರೆಯಿರಿ. ಅದನ್ನೇ ಇನ್ನೊಂದು ಫೆಸೆಟ್ ಮಾಡಿದರೆ ಕನ್ನಡ ಲಿಪಿಯ ಕೊಂಕಣಿ ಮಾತ್ರ ಬೇಕೆನ್ನುವವರಿಗೆ ಒಂದೇ ಒತ್ತಿನಲ್ಲಿ ಸಿಗುತ್ತದೆ. ಡಿಸ್ಪೇಸ್‌ನಿಂದ ಪ್ರಬಂಧಗಳನ್ನು ತರುವಾಗಲೂ ಎಚ್ಚರ ಬೇಕು. ಅಲ್ಲಿ ಸಾಮಾನ್ಯವಾಗಿ ಎರಡಕ್ಷರದ ಭಾಷಾ ಸಂಕೇತ, ಮಾರ್ಕ್‌ನಲ್ಲಿ ಮೂರಕ್ಷರದ್ದು. ಹೊಂದಿಸದಿದ್ದರೆ ಫೆಸೆಟ್‌ನಲ್ಲಿ ಕನ್ನಡ ಎರಡು ಭಾಷೆಗಳಾಗಿ ನಿಲ್ಲುತ್ತದೆ.

ಸರ್ವರ್ ಎಲ್ಲಿರಬೇಕು, ಕರಾರಿನಲ್ಲಿ ಏನಿರಬೇಕು

ಮುಂಬಯಿಯಲ್ಲಿ ಸರ್ವರ್ ನೆಲಮಹಡಿಯಲ್ಲಿ ಇಡಬಾರದು. 2005ರ ಜುಲೈ 26ರಂದು ಸಾಂತಾಕ್ರೂಜ್ ವೇಧಶಾಲೆಯಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು. ವಿದ್ಯಾನಗರಿ ಕ್ಯಾಂಪಸ್ ಇರುವ ಕಲೀನಾ ಅದರ ಪಕ್ಕದಲ್ಲೇ ಇದೆ. ಸ್ವಂತ ಸರ್ವರ್ ಆದರೆ ಮೇಲಿನ ಮಹಡಿ, ಯುಪಿಎಸ್, ದಿನವೂ ಕ್ಯಾಂಪಸ್ಸಿನ ಹೊರಗೆ ಒಂದು ಬ್ಯಾಕಪ್ ಪ್ರತಿ. ಕ್ಲೌಡ್ ಆದರೆ ಮಳೆಯ ಚಿಂತೆಯಿಲ್ಲ, ತಿಂಗಳ ಬಿಲ್ಲಿನ ಚಿಂತೆ ಇದೆ. ಖರೀದಿ ವಿಭಾಗಕ್ಕೆ ಒಂದೇ ಸಲ ಕೊಡುವ ಹಣ ಅರ್ಥವಾಗುತ್ತದೆ, ಪ್ರತಿ ತಿಂಗಳ ಬಿಲ್ ಅರ್ಥವಾಗುವುದಿಲ್ಲ. ಇದನ್ನು ಮೊದಲೇ ಹಣಕಾಸು ವಿಭಾಗದವರೊಡನೆ ಕೂತು ಬಗೆಹರಿಸಿ.

ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕ ಇಲ್ಲ, ಖರ್ಚು ಇದೆ. ಸರ್ವರ್, ವಾರ್ಷಿಕ ನಿರ್ವಹಣೆ ಕರಾರು, ಒಬ್ಬ ಸಿಸ್ಟಮ್ ಲೈಬ್ರೇರಿಯನ್. ಈ ಕೊನೆಯವರು ಇಲ್ಲದೆ ವುಫೈಂಡ್ ಹಾಕಬೇಡಿ. ಹಾಕಿಕೊಟ್ಟವರು ಹೋದ ಮೇಲೆ ಅದು ಹಾಗೆಯೇ ಹಳತಾಗಿ, ಭದ್ರತಾ ತೂತುಗಳೊಂದಿಗೆ ನಿಲ್ಲುತ್ತದೆ. ವಾಣಿಜ್ಯ ಸೇವೆಯ ಚಂದಾ ಹೆಚ್ಚಾಗಿ ಡಾಲರಿನಲ್ಲಿ, ಪ್ರತಿ ವರ್ಷ. ಚಂದಾ ನಿಲ್ಲಿಸಿದ ದಿನ ಹುಡುಕಾಟವೂ ನಿಲ್ಲುತ್ತದೆ.

ಯಾವುದನ್ನೇ ತೆಗೆದುಕೊಂಡರೂ ಕರಾರಿನಲ್ಲಿ ಈ ವಾಕ್ಯ ಇರಲೇಬೇಕು: ಗ್ರಂಥಾಲಯ ಕೇಳಿದಾಗ ಎಲ್ಲ ದಾಖಲೆಗಳನ್ನೂ, ಪ್ರತಿಗಳ ವಿವರ, ಅಥಾರಿಟಿ ಫೈಲ್ ಸಮೇತ, ಮಾರ್ಕ್‌ಎಕ್ಸ್‌ಎಂಎಲ್ ರೂಪದಲ್ಲಿ, ಬೇರೆ ಶುಲ್ಕವಿಲ್ಲದೆ ಕೊಡತಕ್ಕದ್ದು. ‘ಪ್ರತಿಗಳ ವಿವರ’ ಎಂಬ ಮಾತು ಬಿಟ್ಟರೆ ಶೀರ್ಷಿಕೆ ಬರುತ್ತದೆ, ಆಕ್ಸೆಶನ್ ನಂಬರ್ ಬರುವುದಿಲ್ಲ.

ಯಾರಿಗೆ ಯಾವುದು

ಪದವಿ ಕಾಲೇಜು, ಸಣ್ಣ ಕನ್ನಡ ಸಂಗ್ರಹ, ಐಟಿ ಸಿಬ್ಬಂದಿ ಇಲ್ಲ ಎಂದರೆ ಈಗಿರುವುದರಲ್ಲೇ ಇರಿ, ಹಣವನ್ನು ದಾಖಲೆ ತಿದ್ದಲು ಹಾಕಿ. ವಿಶ್ವವಿದ್ಯಾಲಯ, ಕನ್ನಡ ಅಥವಾ ಕೊಂಕಣಿ ವಿಭಾಗ ಇದೆ, ಒಬ್ಬ ಸಿಸ್ಟಮ್ ಲೈಬ್ರೇರಿಯನ್ ಇದ್ದಾರೆ ಎಂದರೆ ಕೋಹಾ ಮತ್ತು ಎಲಾಸ್ಟಿಕ್‌ಸರ್ಚ್. ಪ್ರಬಂಧಗಳು, ಡಿಜಿಟಲ್ ಸಂಗ್ರಹ, ಹಲವು ಕ್ಯಾಂಪಸ್ಸುಗಳ ಗ್ರಂಥಾಲಯ ಎಲ್ಲ ಒಂದೇ ಕಡೆ ಬೇಕು, ಇಬ್ಬರು ತಾಂತ್ರಿಕ ಸಿಬ್ಬಂದಿ ಇದ್ದಾರೆ ಎಂದರೆ ಕೋಹಾದ ಮುಂದೆ ವುಫೈಂಡ್. ನಮ್ಮ ಮಟ್ಟಿಗೆ ಬಹುಭಾಷಾ ಸಂಗ್ರಹಕ್ಕೆ ಇದೇ ಅತ್ಯುತ್ತಮ, ಆದರೆ ಆ ಇಬ್ಬರು ಇರಬೇಕು. ವಾಣಿಜ್ಯ ಡಿಸ್ಕವರಿ ಬೇಕೇಬೇಕೆಂದು ಇತರ ವಿಭಾಗಗಳು ಕೇಳಿದರೆ ತೆಗೆದುಕೊಳ್ಳಿ, ಲೇಖನಗಳಿಗೆ ಅದನ್ನೇ ಬಳಸಿ, ಪುಸ್ತಕಗಳ ಓಪ್ಯಾಕ್ ಕೊಂಡಿಯನ್ನು ಮಾತ್ರ ಮುಖಪುಟದಿಂದ ತೆಗೆಯಬೇಡಿ.

ಬದಲಾವಣೆಗೆ ಮೇ ತಿಂಗಳ ರಜೆ ಸರಿಯಾದ ಸಮಯ. ಜೂನ್, ಜುಲೈನಲ್ಲಿ ಪ್ರವೇಶದ ಗಡಿಬಿಡಿ, ಹೊಸ ಸದಸ್ಯರ ನೋಂದಣಿ, ಆಗ ಮುಟ್ಟಬಾರದು. ಹಳೆಯ ಓಪ್ಯಾಕ್ ಅನ್ನು ಒಂದು ಪೂರ್ತಿ ಸೆಮಿಸ್ಟರ್ ಜೊತೆಯಲ್ಲೇ ಓಡಿಸಿ. ಆ ಅವಧಿಯಲ್ಲಿ ಜಾಲತಾಣದ ಬಳಕೆ ಅಳೆಯುವ ಮಟೋಮೋ ತರಹದ ಉಪಕರಣದಿಂದ ಸೊನ್ನೆ ಫಲಿತಾಂಶ ಬಂದ ಪ್ರಶ್ನೆಗಳನ್ನು ಮಾತ್ರ ಬೇರ್ಪಡಿಸಿ, ವಾರಕ್ಕೊಮ್ಮೆ ಕನ್ನಡ ಬಲ್ಲ ಒಬ್ಬರು ಓದಬೇಕು. ಪುಸ್ತಕ ಕಪಾಟಿನಲ್ಲಿದ್ದೂ ಸೊನ್ನೆ ಬಂದ ಪ್ರತಿ ಪ್ರಶ್ನೆಗೂ ಕಾರಣ ಮೂರರಲ್ಲಿ ಒಂದು: ದಾಖಲೆಯ ತಪ್ಪು, ಅಥಾರಿಟಿಯಲ್ಲಿ ಇಲ್ಲದ ಹೆಸರು, ಅಥವಾ ಸೂಚಿಯ ನಿಯಮ. ಮೊದಲೆರಡನ್ನು ಅಂದೇ ತಿದ್ದಬಹುದು. ಮೂರನೆಯದನ್ನು ಕೂಡಿಟ್ಟುಕೊಂಡು ತಿಂಗಳಿಗೊಮ್ಮೆ, ಭಾನುವಾರ ರಾತ್ರಿ, ರೀ-ಇಂಡೆಕ್ಸ್ ಮಾಡಿ.